ನಾಲ್ಕು ಬ್ರೇಕಿನ ಸೈಕಲ್

ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರುವ ಹಪ್ಪಳಗಳನ್ನು ನೀವು ನಂಬಲೇಬೇಕೆಂದಿಲ್ಲ. ಅವು ಅಲ್ಲಿದ್ದವು ಎಂದು ನನಗೆ ಖಾತ್ರಿಯಿದೆ. ಇರಲಿಲ್ಲ ಎಂದು ನನ್ನ ಅಣ್ಣನಿಗೂ ಅಷ್ಟೇ ಖಾತ್ರಿಯಿದೆ. ಇಬ್ಬರಲ್ಲಿ ಒಬ್ಬರ ತಲೆ ಕಥೆ ಕಟ್ಟುತ್ತಿದೆ. ಐವತ್ತು ಹತ್ತಿರವಾಗುತ್ತಿರುವಾಗ, ಆ ತಲೆ ನನ್ನದೇ ಇರಬಹುದೇನೋ ಎಂಬ ಅನುಮಾನ ಆಗಾಗ ಬರುತ್ತದೆ.

ನನ್ನ ನೆನಪಿನ ಪ್ರಕಾರ ನಡೆದದ್ದು ಹೀಗೆ. ಅಪ್ಪನಿಗೆ ಜೋಗದ ಹತ್ತಿರದ ಕಾರ್ಗಲ್‌ನಲ್ಲಿ ಕೆಲಸ. ಕಾಲೊನಿಯಲ್ಲಿ ಒಂದರಂತೆ ಇನ್ನೊಂದಿರುವ ಕ್ವಾರ್ಟರ್ಸುಗಳ ಸಾಲು. ನಾವು ಮಕ್ಕಳು ಬಾಗಿಲಿನ ಮುಂದಿನ ಹೂಕುಂಡ ನೋಡಿಯೇ ನಮ್ಮ ಮನೆ ಯಾವುದೆಂದು ಗುರುತಿಸುತ್ತಿದ್ದೆವು. ನನಗಾಗ ಒಂಬತ್ತು ವರ್ಷ. ಬಾಡಿಗೆಗೆ ತಂದ ಕೆಂಪು ಸೈಕಲ್ಲಿನಲ್ಲಿ ಕಾಲೊನಿಯ ಇಳಿಜಾರು ಇಳಿಯುತ್ತಿದ್ದೆ. ಅಣ್ಣ ಹಿಂದಿನಿಂದ "ಬ್ರೇಕು, ಬ್ರೇಕು" ಎಂದು ಕೂಗಿದ. ನಾನು ಬಲಗೈಯ ಬ್ರೇಕನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹಿಡಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ಲಿನ ಮೇಲಿಂದ ಹಾರಿ, ಯಾರದೋ ಮನೆಯ ಮುಂದೆ ಚಾಪೆಯ ಮೇಲೆ ಒಣಹಾಕಿದ್ದ ಹಲಸಿನ ಹಪ್ಪಳಗಳ ಮಧ್ಯೆ ಬಿದ್ದೆ. ಹಸಿ ಹಪ್ಪಳವೊಂದು ಕೆನ್ನೆಗೆ ಅಂಟಿಕೊಂಡಿದ್ದು ಈಗಲೂ ಚರ್ಮಕ್ಕೆ ನೆನಪಿದೆ.

ಅಣ್ಣನ ನೆನಪೇ ಬೇರೆ. ಸೈಕಲ್ಲು ಹಸಿರು ಬಣ್ಣದ್ದಂತೆ. ನಾನು ಬಿದ್ದದ್ದು ಜಲ್ಲಿರಾಶಿಯ ಮೇಲಂತೆ. ಹಪ್ಪಳ ಇದ್ದದ್ದು ನಿಜ, ಆದರೆ ನನ್ನ ಅಳು ನಿಲ್ಲಿಸಲು ಆ ಮನೆಯಾಕೆ ಕರಿದು ತಂದುಕೊಟ್ಟ ತಟ್ಟೆಯಲ್ಲಿ. "ನೀನು ಅಳ್ತಾ ನಾಲ್ಕು ಹಪ್ಪಳ ತಿಂದೆ. ಕೆನ್ನೆಗೆ ಅಂಟಿದ್ದು ಅದರ ಪುಡಿ," ಎನ್ನುತ್ತಾನೆ.

ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳಿಗೆ ಇದು ಅಷ್ಟೇನೂ ಮರ್ಯಾದೆ ತರುವ ವಿಷಯವಲ್ಲ. ಒಬ್ಬನೇ ಸಾಕ್ಷಿಯ ಮಾತನ್ನು ಹಾಗೇ ಒಪ್ಪಬೇಡಿ ಎಂದು ವರ್ಷವಿಡೀ ತರಗತಿಯಲ್ಲಿ ಕೂಗುತ್ತೇನೆ. ಮನೆಗೆ ಬಂದು ಹಪ್ಪಳದ ಬಗ್ಗೆ ಅಣ್ಣನ ಜೊತೆ ಫೋನಿನಲ್ಲಿ ಜಗಳವಾಡುತ್ತೇನೆ. ಇಬ್ಬರೂ ಒಪ್ಪುವುದು ಎರಡೇ ಸಂಗತಿ: ನನ್ನ ಮೊಣಕೈಯ ಮೇಲಿನ ಗಾಯದ ಗುರುತು, ಮತ್ತು ನಾನು ಹಿಡಿದದ್ದು ಬಲಗೈಯ ಬ್ರೇಕು.

ನಮ್ಮ ಸೈಕಲ್ಲುಗಳಲ್ಲಿ ಬಲಗೈಯದು ಮುಂದಿನ ಚಕ್ರದ ಬ್ರೇಕು, ಎಡಗೈಯದು ಹಿಂದಿನದು. ಅವತ್ತಿನಿಂದ ನಾನು ಬಲಗೈಯನ್ನು ನಂಬಲಿಲ್ಲ. ಸೈಕಲ್ಲಾಗಲಿ ಸ್ಕೂಟರಾಗಲಿ, ನನ್ನ ಎಡಗೈ ಮಾತ್ರ ಕೆಲಸ ಮಾಡಿತು. ಇಳಿಜಾರು ಬಂದರೆ ಅದನ್ನೂ ನಂಬದೆ ಇಳಿದು ನಡೆದೆ. ಸಾಗರದಲ್ಲಿ ಬದುಕುವವಳು ಇಳಿಜಾರಿಗೆಲ್ಲ ಇಳಿದು ನಡೆದರೆ ಹೇಗಾಗುತ್ತದೆ, ನೀವೇ ಯೋಚಿಸಿ. ಏರಿನಲ್ಲಿ ಉಸಿರಿಲ್ಲ ಎಂದು ನಡೆಯುತ್ತಿದ್ದೆ, ಇಳಿಜಾರಿನಲ್ಲಿ ಧೈರ್ಯವಿಲ್ಲ ಎಂದು ನಡೆಯುತ್ತಿದ್ದೆ. ನಮ್ಮ ಬೀದಿಯವರ ಪ್ರಕಾರ ನಾನು ಸೈಕಲ್ಲನ್ನು ವಾಕಿಂಗಿಗೆ ಕರೆದುಕೊಂಡು ಹೋಗುತ್ತಿದ್ದೆ.

ಇದನ್ನೆಲ್ಲ ನಗುತ್ತಲೇ ಸಹಿಸಿಕೊಂಡಿದ್ದೆ. ಆದರೆ ಹೋದ ವರ್ಷ ಒಂದು ದಿನ ಬ್ಯಾಂಕಿಗೆ ಹೋಗಲು ನಾನು ಸುತ್ತು ದಾರಿ ಹಿಡಿದಿದ್ದೇನೆಂದು ಅರ್ಧ ದಾರಿಯಲ್ಲಿ ಗಮನಕ್ಕೆ ಬಂತು. ನೇರ ದಾರಿಯಲ್ಲಿ ಒಂದು ಇಳಿಜಾರಿತ್ತು. ನಾನಾಗ ಸೈಕಲ್ಲಿನಲ್ಲೂ ಇರಲಿಲ್ಲ, ಸ್ಕೂಟರಿನಲ್ಲೂ ಇರಲಿಲ್ಲ, ನಡೆದು ಹೋಗುತ್ತಿದ್ದೆ! ಒಂಬತ್ತು ವರ್ಷದ ಹುಡುಗಿಯ ಹೆದರಿಕೆ ಸದ್ದಿಲ್ಲದೆ ಬೆಳೆದು ಈಗ ನನ್ನ ಚಪ್ಪಲಿಯೊಳಗೂ ಬಂದು ಕೂತಿತ್ತು. ಆ ದಿನ ಡೈರಿಯಲ್ಲಿ ಬರೆದೆ: "ಈ ಚಳಿಗಾಲ ಮುಗಿಯುವುದರೊಳಗೆ ಒಂದು ಇಳಿಜಾರು. ಒಂದೇ ಒಂದು. ಮೇಲಿಂದ ಕೆಳಗೆ, ಕಾಲು ನೆಲಕ್ಕೆ ತಾಗಿಸದೆ."

ಡೈರಿ ಬರೆಯುವ ಅಭ್ಯಾಸ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಶುರುವಾದದ್ದು. ನೆನಪನ್ನು ನಂಬದವರಿಗೆ ಡೈರಿಯೊಂದೇ ಆಸರೆ ಎಂದು ನೀವು ಅಂದುಕೊಂಡಿದ್ದರೆ ನನ್ನ ಡೈರಿ ನೋಡಿಲ್ಲ ಎಂದೇ ಅರ್ಥ. ಬದುಕಿನಲ್ಲಿ ದೊಡ್ಡದೇನಾದರೂ ನಡೆದ ದಿನ ಅದರಲ್ಲಿ ಸಾರಿನ ವಿಷಯ ಇರುತ್ತದೆ. ಈಗ ಹೇಳಲಿರುವ ಸೈಕಲ್ಲು ಮನೆಗೆ ಬಂದ ದಿನ ಹೀಗೆ ಬರೆದಿದ್ದೇನೆ: "ಸೈಕಲ್ ಬಂತು. ಹುರುಳಿ ಸಾರು, ಸ್ವಲ್ಪ ಉಪ್ಪು ಜಾಸ್ತಿ."

ಅದನ್ನು ಕೊಟ್ಟವಳು ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ಒಬ್ಬ ದನದ ಡಾಕ್ಟರು. ಹೊರದೇಶದಲ್ಲಿ ಓದುವಾಗ ಕೊಂಡದ್ದಂತೆ. ವರ್ಗವಾಗಿ ಹೋಗುವಾಗ ನನ್ನ ಪಾಲಿಗೆ ಬಿಟ್ಟಳು. ಸೈಕ್ಲೋಕ್ರಾಸ್ ಎಂದು ಅದರ ಜಾತಿಯ ಹೆಸರು. ಕೆಸರು, ಹುಲ್ಲು, ಕಲ್ಲು ಎನ್ನದೆ ಓಡಿಸುವ, ನಡುವೆ ಅಡ್ಡಿ ಬಂದರೆ ಹೆಗಲ ಮೇಲೆ ಹೊತ್ತು ದಾಟುವ ಪಂದ್ಯಕ್ಕಾಗಿ ಮಾಡಿದ್ದು. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಮುಳ್ಳುಸೌತೆಯಂತೆ ಗುಬುಟುಗುಬುಟಾದ ಟಯರು. ಸೈಕಲ್ಲನ್ನು ಹೊರಬೇಕಾದ ಪಂದ್ಯ ಎಂದು ಕೇಳಿದ ಕೂಡಲೇ, ಇದು ನನಗೆಂದೇ ಹುಟ್ಟಿದ ಸೈಕಲ್ಲು ಎನಿಸಿತು.

ಮೊದಲ ಸವಾರಿ ಕಾಲೇಜಿನ ಮೈದಾನದಲ್ಲಿ, ಭಾನುವಾರ, ಯಾರೂ ಇಲ್ಲದಾಗ. ಒಂದು ಸುತ್ತು ಚೆನ್ನಾಗಿಯೇ ಹೋದೆ. ನಿಲ್ಲಿಸಲು ನನ್ನ ನಂಬಿಗಸ್ತ ಎಡಗೈಯಿಂದ ಬ್ರೇಕು ಹಿಡಿದೆ. ಹಿಂದಿನ ಚಕ್ರ ಮೇಲಕ್ಕೆದ್ದು, ನನ್ನ ಮೂಗು ಮುಂದಿನ ಟಯರಿನ ವಾಸನೆ ನೋಡಿ ಬಂತು. ಬೀಳಲಿಲ್ಲ, ಹೇಗೋ ಕಾಲು ಕೊಟ್ಟು ನಿಂತೆ. ಆಮೇಲೆ ಕೂತು ಕೇಬಲ್ಲಿನ ಜಾಡು ಹಿಡಿದು ನೋಡಿದರೆ, ಈ ಸೈಕಲ್ಲಿನಲ್ಲಿ ಎಡಗೈಯದೇ ಮುಂದಿನ ಬ್ರೇಕು! ಅದು ಬಂದ ದೇಶದಲ್ಲಿ ಹಾಗೇ ಕಟ್ಟುತ್ತಾರಂತೆ. ಇಷ್ಟು ವರ್ಷ ನಾನು ನಂಬಿದ್ದ ಒಂದೇ ಒಂದು ಕೈ ಅವತ್ತು ಶತ್ರುಪಕ್ಷ ಸೇರಿತು.

ಮರುದಿನ ಸೈಕಲ್ಲನ್ನು ತಿಮ್ಮಪ್ಪಣ್ಣನ ಅಂಗಡಿಗೆ ತಳ್ಳಿಕೊಂಡು ಹೋದೆ. ತಿಮ್ಮಪ್ಪಣ್ಣ ಸಾಗರದ ಹಳೆಯ ಸೈಕಲ್ ರಿಪೇರಿಯವನು. ಈಗ ಅಂಗಡಿ ತುಂಬ ಔಷಧಿ ಹೊಡೆಯುವ ಪಂಪುಗಳು, ಕಳೆ ಕತ್ತರಿಸುವ ಮಿಷನ್ನುಗಳು.

"ಬನ್ನಿ ಮೇಡಂ. ಎಂತ ಇದು, ಟಗರು ಹೊಡ್ಕೊಂಡು ಬಂದ್ರಾ?"

ವಿಷಯ ಹೇಳಿದೆ. ಅವನು ಎರಡೂ ಬ್ರೇಕು ಒತ್ತಿ ನೋಡಿ ನಾಲಿಗೆ ಲೊಚಗುಟ್ಟಿದ. "ಯಾವನೋ ಇದು ಉಲ್ಟಾ ಕಟ್ಟಿದ್ದು? ಇದ್ರಲ್ಲಿ ನೀವು ಬದುಕಿ ಬಂದಿದ್ದೇ ಪುಣ್ಯ."

"ಅಲ್ಲಿ ಎಲ್ಲರಿಗೂ ಹೀಗೇ ಅಂತೆ ತಿಮ್ಮಪ್ಪಣ್ಣ."

"ಎಲ್ರೂ ಉಲ್ಟಾ ಇದ್ರೆ ಅವ್ರಿಗೆ ಗೊತ್ತಾಗದು ಹೆಂಗೆ, ಪಾಪ."

ಕೆಲಸ ಹೇಳುವಷ್ಟು ಸುಲಭವಿರಲಿಲ್ಲ. ಮೊದಲು ಹ್ಯಾಂಡಲ್ಲಿಗೆ ಸುತ್ತಿದ್ದ ಪಟ್ಟಿ ಬಿಚ್ಚಬೇಕು. ಕೈ ಮುರಿದವರ ಬ್ಯಾಂಡೇಜು ಬಿಚ್ಚುವಂತೆ ಅವನು ನಿಧಾನವಾಗಿ ಬಿಚ್ಚಿದ. ಒಳಗೆ ಕೇಬಲ್ಲು ಮೈಗಂಟಿಕೊಂಡು ಮಲಗಿತ್ತು. ಹೊರಗಿನ ಕರಿಯ ಕೊಳವೆಗೆ ಔಟರ್, ಒಳಗೆ ಓಡಾಡುವ ತಂತಿಗೆ ಇನ್ನರ್. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಅದಲುಬದಲು ಮಾಡಿದರೆ ಔಟರ್ ಒಂದು ಕಡೆ ಗಿಡ್ಡವಾಯಿತು, ಹ್ಯಾಂಡಲ್ಲು ತಿರುಗಿಸಿದರೆ ಬ್ರೇಕು ತಾನಾಗಿ ಹಿಡಿಯುತ್ತಿತ್ತು. ಹೊಸದು ಹಾಕೋಣವೆಂದರೆ ನಮ್ಮ ಪೇಟೆಯಲ್ಲಿ ಸಿಗುವ ಇನ್ನರಿನ ತುದಿಯ ಗುಂಡುತಲೆ ಈ ಬ್ರೇಕಿನ ಗೂಡಿಗೆ ದಪ್ಪ. ತಿಮ್ಮಪ್ಪಣ್ಣ ಆ ತಲೆಯನ್ನು ಇಕ್ಕಳದಲ್ಲಿ ಹಿಡಿದು ಅರದಿಂದ ಉಜ್ಜಿದ. ಉಜ್ಜುವುದು, ಕೂರಿಸಿ ನೋಡುವುದು, "ಇನ್ನೂ ದಪ್ಪ" ಎನ್ನುವುದು, ಮತ್ತೆ ಉಜ್ಜುವುದು. ಇದರಲ್ಲಿ ಎರಡು ಸಂಜೆ ಹೋದವು. ನಾನು ಒಂದು ಪಂಪಿನ ಡಬ್ಬದ ಮೇಲೆ ಕೂತು ಪರೀಕ್ಷೆಯ ಪತ್ರಿಕೆ ತಿದ್ದಿದೆ. ಆ ಸಲ ಮಕ್ಕಳಿಗೆಲ್ಲ ಸ್ವಲ್ಪ ಧಾರಾಳವಾಗಿಯೇ ಅಂಕ ಬಿದ್ದಿರಬೇಕು.

ಆಮೇಲೆ ನನ್ನ ಕೈಯ ಸಮಸ್ಯೆ. ನನ್ನ ಬೆರಳು ಗಿಡ್ಡ. ಆ ಬ್ರೇಕಿನ ಹಿಡಿಗಳು ನನ್ನ ಬೆರಳಿಗೆ ಆಚೆ ದಡದಲ್ಲಿದ್ದಂತೆ. ತಿಮ್ಮಪ್ಪಣ್ಣ ಹಳೆಯ ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ಎರಡು ತುಂಡು ರಬ್ಬರು ಕೊಯ್ದು ಹಿಡಿಯ ಬುಡದಲ್ಲಿ ಸಿಕ್ಕಿಸಿದ. ಹಿಡಿಗಳು ಬೆರಳಿನ ಹತ್ತಿರಕ್ಕೆ ಬಂದವು. ಇಷ್ಟಾದರೂ ಒಂದು ಕಷ್ಟ ಉಳಿಯಿತು: ಅವುಗಳನ್ನು ಹಿಡಿಯಲು ಮುಂದಕ್ಕೆ ಬಾಗಬೇಕು. ಇಳಿಜಾರಿನಲ್ಲಿ ಮುಖವನ್ನೇ ಇಳಿಜಾರಿಗೆ ಒಡ್ಡಬೇಕು ಎಂದರೆ ನನ್ನಿಂದ ಸಾಧ್ಯವೇ ಇರಲಿಲ್ಲ. ಆಗ ಸೈಕಲ್ಲಿನ ಜೊತೆ ಡಾಕ್ಟರು ಕೊಟ್ಟಿದ್ದ ಬಿಡಿಭಾಗಗಳ ಚೀಲದ ತಳದಲ್ಲಿ ಎರಡು ಪುಟ್ಟ ಬ್ರೇಕುಹಿಡಿಗಳು ಸಿಕ್ಕವು. ಹ್ಯಾಂಡಲ್ಲಿನ ಮೇಲಿನ ನೇರ ಭಾಗಕ್ಕೆ ಕೂರಿಸುವಂಥವು. ಅದೇ ಕೇಬಲ್ಲಿನ ನಡುದಾರಿಯಲ್ಲಿ ಕೂತು ಎಳೆಯುತ್ತವೆ. ಬೆನ್ನು ನೇರ ಮಾಡಿ ಕೂತೂ ಬ್ರೇಕು ಹಿಡಿಯಬಹುದು. ಅವನ್ನೂ ಹಾಕಿಸಿದೆ. ಕಳೆ ಮಿಷನ್ ರಿಪೇರಿಗೆ ಬಂದು ಕಾಯುತ್ತಿದ್ದ ಹಿರಿಯರೊಬ್ಬರು ಎಣಿಸಿ ನೋಡಿ ಹೇಳಿದರು: "ನಾಲ್ಕು ಬ್ರೇಕು. ಕೈ ಎರಡು. ಉಳಿದೆರಡು ಹಿಡಿಯಕ್ಕೆ ಯಾರನ್ನ ಕರ್ಕೊಂಡು ಹೋಗ್ತೀರಿ ಮೇಡಂ?"

ಇಲ್ಲಿಯವರೆಗಿನದೆಲ್ಲ ತಿಮ್ಮಪ್ಪಣ್ಣನ ಜಾಣತನ. ಮುಂದಿನದು ನನ್ನದು.

ಕೊನೆಗೆ ಇನ್ನರಿಗೆ ಎಣ್ಣೆ ಬಿಡುವಾಗ ಅವನು, "ಎಂತ ಬಿಟ್ರೂ ನಮ್ಮ ಮಳೆಗೆ ತೊಳ್ದು ಹೋಗ್ತದೆ ಮೇಡಂ, ತುಕ್ಕು ಹಿಡಿಯೋದೇ," ಎಂದು ನಿಟ್ಟುಸಿರು ಬಿಟ್ಟ. ನನಗೆ ತಟ್ಟನೆ ಭಾಗತ್ತೆಯ ಉಪ್ಪಾಗೆ ತುಪ್ಪದ ಡಬ್ಬಿ ನೆನಪಾಯಿತು. ಭಾಗತ್ತೆ ಎಂದರೆ ಭಾಗೀರಥಿ, ನನ್ನ ಅಪ್ಪನ ತಂಗಿ. ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾಗಿ ತೀರ್ಥಹಳ್ಳಿ ಕಡೆ ಮೇಳಿಗೆಯ ಹತ್ತಿರ ಇದ್ದಾಳೆ. ಕಾಡಿನ ಉಪ್ಪಾಗೆ ಹಣ್ಣಿನ ಬೀಜದಿಂದ ತೆಗೆದ ಆ ತುಪ್ಪವನ್ನು ಪ್ರತಿ ಚಳಿಗಾಲಕ್ಕೂ ನನಗೊಂದು ಡಬ್ಬಿ ಕೊಡುತ್ತಾಳೆ. ಒಡೆದ ಹಿಮ್ಮಡಿಗೆ, ಒಡೆದ ತುಟಿಗೆ, ಕಿರುಗುಟ್ಟುವ ಬಾಗಿಲಿಗೆ, ಹೊಲಿಗೆ ಮಿಷನ್ನಿಗೆ, ಎಲ್ಲಕ್ಕೂ ಅದೇ. ನೀರಿಗೆ ಜಗ್ಗುವ ವಸ್ತುವಲ್ಲ. ಬ್ರೇಕಿನ ಕೇಬಲ್ಲಿಗೆ ಇದಕ್ಕಿಂತ ಒಳ್ಳೆಯದು ಇನ್ನೇನಿದ್ದೀತು?

ತಿಮ್ಮಪ್ಪಣ್ಣ ತಲೆ ಕೆರೆದುಕೊಂಡ. "ಕಾಲಿಗೆ ಹಚ್ಚೋದಲ್ವಾ ಅದು?"

"ಬಾಗಿಲಿಗೂ ಹಚ್ತಾರೆ ತಿಮ್ಮಪ್ಪಣ್ಣ," ಎಂದು ನಾನು ಪುರಾವೆ ಒದಗಿಸಿದೆ.

ಮನೆಯಲ್ಲಿ ಬಿಸಿ ಮಾಡಿ ಬಾಟಲಿಯಲ್ಲಿ ತಂದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಡಿಯ ಮುಂದೆ ಇಬ್ಬರೂ ಸೇರಿ ಹನಿಹನಿಯಾಗಿ ಔಟರಿನೊಳಗೆ ಬಿಟ್ಟೆವು. ಬ್ರೇಕು ಒತ್ತಿದರೆ ಎಂಥ ನಯ! ಸದ್ದಿಲ್ಲ, ಬಿಗಿಯಿಲ್ಲ, ಬಿಟ್ಟರೆ ತಟ್ಟನೆ ವಾಪಸು. ತಿಮ್ಮಪ್ಪಣ್ಣ ಹತ್ತು ಸಲ ಒತ್ತಿ ಬಿಟ್ಟು, "ಓದಿದೋರ ತಲೆಯೇ ಬೇರೆ ಮೇಡಂ," ಎಂದ. ನನ್ನ ವಿದ್ಯೆಗೆ ಅಷ್ಟು ನೇರವಾದ ಹೊಗಳಿಕೆ ಅದಕ್ಕೆ ಮೊದಲು ಬಂದಿರಲಿಲ್ಲ. ಆ ದಿನದ ಡೈರಿಯಲ್ಲಿ ಮಾತ್ರ ಸಾರಿನ ವಿಷಯ ಇಲ್ಲ.

ಅಂದೇ ಅತ್ತೆಗೆ ಫೋನು ಮಾಡಿದೆ. ಅವಳ ಜೊತೆ ನನ್ನ ಮಾತು ಹವ್ಯಕರ ಕನ್ನಡದಲ್ಲೇ. ಅವಳ ಮನೆಗೆ ಟಾರು ರಸ್ತೆಯಿಂದ ಕೆಳಕ್ಕೆ ಒಂದು ಮಣ್ಣಿನ ದಾರಿ. ಕಡಿದಾದ ಇಳಿಜಾರು, ನಡುವೆ ಒಂದು ತಿರುವು, ಕೊನೆಗೆ ಅಂಗಳ. ನನ್ನ ಆ ಒಂದು ಇಳಿಜಾರು ಅದೇ ಎಂದು ಗೊತ್ತು ಮಾಡಿಕೊಂಡಿದ್ದೆ.

"ಸೈಕಲ್ಲು ತಗಂಡು ಬತ್ತಿ ಅತ್ತೆ. ನಿಂಗಳ ಮನೆ ಇಳಿಜಾರು ಇಳಿಯವು ಹೇಳಿ."

"ಇಳಿತ್ಯಾ, ಇಲ್ಲೆ ಸೈಕಲ್ಲನ್ನ ಕೈ ಹಿಡ್ದು ನಡೆಸಿಕ್ಯಂಡು ಬತ್ಯಾ?"

"ಇಳಿತಿ."

"ನಡೆದು ಬಂದ್ರೆ ಬಾಗಿಲು ತೆಗಿತ್ನಿಲ್ಲೆ ನೋಡು," ಎಂದು ಅತ್ತೆ ನಕ್ಕಳು.

ಜನವರಿಯ ಒಂದು ಶನಿವಾರ ಸಾಗರದಿಂದ ಹೊಸನಗರದವರೆಗೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ, ಅಲ್ಲಿಂದ ತುಳಿದೆ. ಬಸ್ಸೇಕೆ ಎಂದು ಕೇಳಬೇಡಿ. ಹೊಸನಗರದಿಂದ ಮುಂದಿನದೇ ನನ್ನ ಕಾಲಿಗೆ ಸಾಕಾಗಿ ಹೆಚ್ಚಾಯಿತು. ದಾರಿಯ ಏರುಗಳಲ್ಲೂ ನಡೆದೆ, ಇಳಿಜಾರುಗಳಲ್ಲೂ ನಡೆದೆ. ಎಲ್ಲ ಧೈರ್ಯವನ್ನೂ ಅತ್ತೆಯ ಮನೆಗೆಂದು ಉಳಿಸಿಕೊಳ್ಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆಯ ಹೊತ್ತಿಗೆ ಆ ಮಣ್ಣಿನ ದಾರಿಯ ತುದಿಗೆ ಬಂದು ಕೆಳಗೆ ನೋಡಿದಾಗ, ಉಳಿಸಿಟ್ಟದ್ದು ಒಂದು ಚಿಟಿಕೆಯೂ ಇರಲಿಲ್ಲ. ಸೈಕಲ್ಲಿನ ಕೈ ಹಿಡಿದು ನಡೆಸಿಕೊಂಡೇ ಇಳಿದೆ.

ಅತ್ತೆ ಅಂಗಳದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡುತ್ತಿದ್ದಳು. ಮಾವ, ಅಂದರೆ ಅತ್ತೆಯ ಗಂಡ, ಜಗಲಿಯಲ್ಲಿ ಪೇಪರು ಓದುತ್ತಿದ್ದವರು ತಲೆಯೆತ್ತಿ, "ಪಾಪ, ಸೈಕಲ್ಲು ದಣಿದೋಜು," ಎಂದರು. ಅತ್ತೆ ಬಾಗಿಲು ತೆಗೆದಳು, ಆದರೆ, "ಇವತ್ತಿಂದು ಲೆಕ್ಕಕ್ಕಿಲ್ಲೆ. ನಾಳೆ ನೋಡನ," ಎಂದಳು. ನನ್ನ ಬೆನ್ನ ಮೇಲೊಂದು ಪುಟ್ಟ ಗುದ್ದೂ ಬಿತ್ತು.

ಬೆಳಗ್ಗೆ ಯಾರೂ ಏಳುವ ಮೊದಲೇ ಎದ್ದೆ. ಎಲ್ಲರ ಕಣ್ಣೆದುರು ಹೆದರುವುದಕ್ಕಿಂತ ಒಬ್ಬಳೇ ಹೆದರುವುದು ಮೇಲು ಅನ್ನಿಸಿತ್ತು. ಹೊರಗೆ ಬೆರಳು ಮರಗಟ್ಟುವಂಥ ಚಳಿ, ಅಂಗಳದಾಚೆ ಏನೂ ಕಾಣದಷ್ಟು ಮಂಜು. ಜಗಲಿಯ ಹೊರಗೆ ನಿಲ್ಲಿಸಿದ್ದ ಸೈಕಲ್ಲನ್ನು ಮೇಲಿನವರೆಗೆ ತಳ್ಳಿಕೊಂಡು ಹೋದೆ. ಹತ್ತಿ ಕೂರುವ ಮುಂಚೆ ಒಂದು ಸಲ ಬ್ರೇಕು ಪರೀಕ್ಷೆ ಮಾಡೋಣವೆಂದು ಎಡಗೈಯದನ್ನು ಒತ್ತಿದೆ. ಅದು ಗಟ್ಟಿಯಾಗಿ, ಒಲ್ಲದ ಮನಸ್ಸಿನಿಂದ ಅರ್ಧ ಬಂತು. ಬಿಟ್ಟೆ. ಅದು ಹಿಂದಕ್ಕೆ ಹೋಗಲಿಲ್ಲ. ಮೇಲಿನ ಪುಟ್ಟ ಹಿಡಿಯನ್ನು ಒತ್ತಿದೆ. ಅದೂ ಅಲ್ಲೇ ನಿಂತಿತು. ಬಲಗೈಯದೂ ಹಾಗೇ. ಒಂದೊಂದಾಗಿ ನಾಲ್ಕೂ ಬ್ರೇಕು ಹಿಡಿದುಕೊಂಡವು, ಒಂದೂ ಬಿಡಲಿಲ್ಲ. ಸೈಕಲ್ಲು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮೊಂಡು ಹಿಡಿದ ಕರುವಿನಂತೆ ನಾಲ್ಕು ಕಾಲೂರಿ ನಿಂತುಬಿಟ್ಟಿತು.

ನಿಜ ಹೇಳಲೇ? ಮೊದಲು ನನಗಾದದ್ದು ಸಂತೋಷ. ಸೈಕಲ್ಲೇ ಬೇಡ ಎನ್ನುತ್ತಿದೆ, ನಾನೇನು ಮಾಡಲಿ ಎಂದು ಒಳಗೊಳಗೇ ಹಗುರಾದೆ. ಎರಡನೆಯ ಕ್ಷಣಕ್ಕೆ ಆ ಸಂತೋಷದ ಮುಖ ನೋಡಿ ನಾಚಿಕೆಯಾಯಿತು. ಈಗ ಬಿಟ್ಟರೆ ಇನ್ನೊಂದು ಚಳಿಗಾಲ ಬರುವುದರೊಳಗೆ ನಾನು ಮೆಟ್ಟಿಲು ಇಳಿಯಲೂ ಹೆದರುತ್ತೇನೆ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಮಂಜಿನೊಳಗಿಂದ ಶಾಲು ಹೊದ್ದ ಅತ್ತೆ ಏರಿ ಬಂದಳು. "ಎಂತ ಆತೇ ಕೂಸೆ? ಕಳ್ಳರಾಂಗೆ ಎದ್ದು ಬಂದಿದ್ದೆ?"

"ಬ್ರೇಕು ಬಿಡ್ತಾ ಇಲ್ಲೆ ಅತ್ತೆ."

ಅತ್ತೆ ಬಗ್ಗಿ ಕೇಬಲ್ಲು ಮುಟ್ಟಿದಳು. ಔಟರಿನ ತುದಿಯಲ್ಲಿ ಮೇಣದಂತೆ ಬೆಳ್ಳಗೆ ಹೆಪ್ಪುಗಟ್ಟಿ ಇಣುಕುತ್ತಿದ್ದುದನ್ನು ಉಗುರಿನಿಂದ ಕೆರೆದು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇದು ಉಪ್ಪಾಗೆ ತುಪ್ಪ ಅಲ್ದಾ?"

ನಾನು ಟಯರಿನ ಗುಬುಟು ಎಣಿಸತೊಡಗಿದೆ.

"ಆನು ಕಾಲಿಗೆ ಹಚ್ಕ್ಯ ಹೇಳಿ ಕೊಟ್ಟಿದ್ದು!" ಅತ್ತೆ ದಾರಿಬದಿಯ ಕಲ್ಲಿನ ಮೇಲೆ ಕುಸಿದು ಕೂತು ನಗಲು ಶುರು ಮಾಡಿದಳು. ನಗು ನಿಂತಿತು ಎನ್ನುವಷ್ಟರಲ್ಲಿ, "ಎಂ.ಎ. ಮಾಡಿದ್ದು ಬೇರೆ," ಎಂದು ಮತ್ತೆ ಶುರು ಮಾಡುತ್ತಿದ್ದಳು. "ಚಳಿಗೆ ಅದು ಡಬ್ಬಿಲೇ ಕಲ್ಲಾಗ್ತು, ಚಮಚಲ್ಲಿ ಕೆರೆಯವು. ಕೇಬಲ್ಲಲ್ಲಿ ಮೆತ್ತಗೆ ಕೂತ್ಕತ್ತಾ?"

ವರ್ಷವರ್ಷವೂ ನಾನೇ ಚಮಚದಲ್ಲಿ ಕೆರೆದು ಹಿಮ್ಮಡಿಗೆ ಹಚ್ಚಿಕೊಂಡಿದ್ದೇನೆ. ಆದರೆ ತಿಮ್ಮಪ್ಪಣ್ಣನ ಅಂಗಡಿಯ ಮಧ್ಯಾಹ್ನದ ಬಿಸಿಲಿನಲ್ಲಿ ಅದು ನೆನಪಿಗೆ ಬರಲೇ ಇಲ್ಲ. ಹಪ್ಪಳ ಮಾತ್ರ ನೆನಪಿರುವ ತಲೆ ನನ್ನದು.

"ಬಿಸಿಲು ಬರಲಿ. ಅದೇ ಕರಗ್ತು," ಎಂದಳು ಅತ್ತೆ. ಇಬ್ಬರೂ ಸೇರಿ ಸೈಕಲ್ಲನ್ನು ಎತ್ತಿ, ಮೊದಲ ಬಿಸಿಲು ಬೀಳುವ ಕಡೆ ಟಾರು ರಸ್ತೆಯಂಚಿಗೆ ನಿಲ್ಲಿಸಿದೆವು. ಸೈಕಲ್ಲನ್ನು ಬಿಸಿಲಿಗಿಟ್ಟು ಕಾಯುತ್ತ ಕೂತ ಇಬ್ಬರು ಹೆಂಗಸರನ್ನು ಹಾಲಿನ ವ್ಯಾನಿನವನು ನಿಧಾನ ಮಾಡಿ ನೋಡಿಕೊಂಡು ಹೋದ. ಮಂಜು ಸರಿದು ಬಿಸಿಲು ಮೊದಲು ಹ್ಯಾಂಡಲ್ಲಿನ ಮೇಲೆ, ಆಮೇಲೆ ಕೇಬಲ್ಲಿನ ಮೇಲೆ ಬಂತು. ಅತ್ತೆ ತನ್ನ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿ ಔಟರನ್ನು ಹಿಡಿದು ಕೂತಳು, ಜ್ವರ ಬಂದ ಮಗುವಿನ ಕೈ ಹಿಡಿದ ಹಾಗೆ. ಸ್ವಲ್ಪ ಹೊತ್ತಿಗೆ ಟಕ್ ಎಂದು ಒಂದು ಹಿಡಿ ವಾಪಸು ಹೋಯಿತು. ಆಮೇಲೆ ಇನ್ನೊಂದು. ನಾಲ್ಕೂ ಬಿಟ್ಟವು.

ಈಗ ನೆಪವಿರಲಿಲ್ಲ. ಸೈಕಲ್ಲನ್ನು ಇಳಿಜಾರಿನ ತುದಿಗೆ ತಂದು ಹತ್ತಿ ಕೂತೆ. ನಾಲ್ಕೂ ಬೆರಳು ಮಡಚಿ ಮೇಲಿನ ಹಿಡಿಗಳನ್ನು ಬಿಗಿಯಾಗಿ ಹಿಡಿದೆ.

"ಹಾಂಗಲ್ಲ," ಎಂದಳು ಅತ್ತೆ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಎರಡೇ ಬೆರಳು. ಉಳಿದದ್ದು ಹ್ಯಾಂಡಲ್ಲಿಗೆ. ಎರಡೂ ಕೈ ಒಟ್ಟಿಗೆ, ಹಗೂರ. ಹಿಡಿ, ಬಿಡು. ಹಿಡಿ, ಬಿಡು. ಒಂದೇ ಸಮ ಹಿಡಿಯಡ, ಚಕ್ರ ಜಾರ್ತು."

"ಹಾಂ."

"ಸೀಟಿನ ಹಿಂದಕ್ಕೆ ಜಾರು. ಇನ್ನೂ ಹಿಂದೆ. ಮೈ ಎಲ್ಲ ಹಿಂದಿನ ಚಕ್ರದ ಮೇಲೆ ಬರವು. ತಿರುವಲ್ಲಿ ಬ್ರೇಕು ಹಿಡಿಯಡ, ತಿರುವಿಗೆ ಮೊದ್ಲೇ ಹಿಡಿದು ಮುಗಿಸು. ಕಣ್ಣು ಚಕ್ರದ ಬುಡಕ್ಕೆ ಹಾಕಡ, ಮುಂದೆ ಎಲ್ಲಿ ಹೋಯಕ್ಕೋ ಅಲ್ಲಿ ಹಾಕು."

"ಬಿದ್ರೆ?"

"ಬಿದ್ರೆ ಕಾಲಿಗೆ ಹಚ್ಚಲೆ ತುಪ್ಪ ಇದ್ದು. ಹೋಗು."

ಹೊರಟೆ. ಹಿಡಿ, ಬಿಡು. ಬಾಯಲ್ಲಿ ಜೋರಾಗಿಯೇ ಹೇಳಿಕೊಳ್ಳುತ್ತಿದ್ದೆ. ಟಯರಿನ ಕೆಳಗೆ ಕಲ್ಲು ಚಟಚಟ ಎಂದವು. ಎಡಗೈ, ಬಲಗೈ ಎರಡೂ ಒಟ್ಟಿಗೆ ಕೆಲಸ ಮಾಡುತ್ತಿದ್ದವು. ಬಲಗೈ ಏನೂ ದ್ರೋಹ ಮಾಡಲಿಲ್ಲ, ಹಗುರವಾಗಿ ಹಿಡಿದರೆ ಅದೂ ಒಳ್ಳೆಯ ಕೈಯೇ. ತಿರುವು ಬಂತು. ಅದಕ್ಕೆ ಮೊದಲೇ ಹಿಡಿದು ಮುಗಿಸಿದೆ, ಬಿಟ್ಟೆ, ಸೈಕಲ್ಲು ತಾನಾಗಿ ಬಾಗಿ ತಿರುಗಿತು. ತಿರುವಿನ ಆಚೆ ಅಂಗಳ ಪೂರ್ತಿ ಬಿಸಿಲಿನಲ್ಲಿ ಕಂಡಿತು, ಮತ್ತು ನಾನು ಕೂಗಿದೆ. ಏನು ಕೂಗಿದೆ ಎಂದು ಗೊತ್ತಿಲ್ಲ. ಮಾವನ ಪ್ರಕಾರ "ಅಮ್ಮಾ" ಎಂದು. ನನ್ನ ಪ್ರಕಾರ ಅದು ವಿಜಯದ ಕೇಕೆ. ಅಂಗಳದಲ್ಲಿ ಎರಡು ಸುತ್ತು ಹಾಕಿ, ಬೇಕೆಂದೇ ನಾಲ್ಕೂ ಬ್ರೇಕನ್ನು ಒಂದೊಂದಾಗಿ ಮುಟ್ಟಿ ನಿಲ್ಲಿಸಿದೆ. ಕಾಲು ಆಗ ನೆಲಕ್ಕೆ ತಾಗಿತು.

ಅತ್ತೆ ಶಾಲು ಸರಿಮಾಡಿಕೊಳ್ಳುತ್ತ ನಿಧಾನವಾಗಿ ಇಳಿದು ಬರುತ್ತಿದ್ದಳು. ಅವಳು ಬರುವವರೆಗಿನ ಆ ಎರಡು ನಿಮಿಷದಲ್ಲಿ ನನ್ನ ತಲೆಗೆ ಒಂದು ಪ್ರಶ್ನೆ ಹೊಕ್ಕಿತು. ಸೀಟಿನ ಹಿಂದಕ್ಕೆ ಜಾರು, ತಿರುವಿಗೆ ಮೊದಲೇ ಹಿಡಿದು ಮುಗಿಸು: ಇದು ನೋಡಿ ಕಲಿಯುವ ಮಾತಲ್ಲ. ತಿಮ್ಮಪ್ಪಣ್ಣ ಕೂಡ ಹೇಳಿದ್ದು "ಗಟ್ಟಿ ಹಿಡಿರಿ" ಎಂದಷ್ಟೇ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಪ್ರಕಾರ ಅತ್ತೆ ಜನ್ಮದಲ್ಲಿ ಸೈಕಲ್ಲು ಮುಟ್ಟಿದವಳಲ್ಲ.

"ಅತ್ತೆ, ನಿಂಗೆ ಇದೆಲ್ಲ ಹ್ಯಾಂಗೆ ಗೊತ್ತಿದ್ದು?"

"ಎಂತದು?"

"ನೀನು ಸೈಕಲ್ಲು ಹೊಡೆತಿದ್ಯಾ?"

ಅತ್ತೆ ಹ್ಯಾಂಡಲ್ಲಿನ ಮೇಲೆ ಕೈಯಿಟ್ಟಳು. ಎರಡು ಬೆರಳು ತಾವಾಗಿ ಬ್ರೇಕಿನ ಮೇಲೆ ಹೋಗಿ ಕೂತವು. "ಮದುವೆಗೆ ಮುಂಚೆ ಹೊಸನಗರ ಕಡೆ ಶಾಲೆಲಿ ಮೂರು ವರ್ಷ ಇದ್ದಿದ್ನಲೇ. ಬಸ್ಸು ರಸ್ತೆವರೆಗೆ ಮಾತ್ರ ಬತ್ತಿತ್ತು. ಅಲ್ಲಿಂದ ಶಾಲೆಗೆ ಒಂದು ಇಳಿಜಾರು ಇತ್ತು ನೋಡು, ಇದರ ಅಜ್ಜ."

"ಮನೇಲಿ ಯಾರಿಗೂ ಗೊತ್ತಿಲ್ಲೆ!"

"ಯಾರೂ ಕೇಳಿದ್ವಿಲ್ಲೆ."

ಮೂರು ವರ್ಷ! ದಿನವೂ ಒಂದು ಇಳಿಜಾರು. ಅಪ್ಪ ಇದ್ದಾಗ ಎಷ್ಟು ಸಲ ತಂಗಿಯ ಆ ಶಾಲೆಯ ಕಥೆ ಹೇಳಿದ್ದರು. ಅವರ ಕಥೆಯಲ್ಲಿ ಅತ್ತೆ ಯಾವಾಗಲೂ ಕೊಡೆ ಹಿಡಿದು ನಡೆದೇ ಹೋಗುತ್ತಿದ್ದಳು. ಆಗಿನ ಕಾಲಕ್ಕೆ ಅತ್ತೆಯ ಸಂಬಳ ಅಜ್ಜನ ಕೈಗೇ ಹೋಗುತ್ತಿತ್ತು, ಅವಳು ಸೈಕಲ್ಲು ಕೊಂಡಿರಲಾರಳು. ಮಾವನಿಗೆ ಸೈಕಲ್ಲು ಬಾರದು. ಅದನ್ನು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹಾಗಾದರೆ ಆ ಸೈಕಲ್ಲು ಎಲ್ಲಿಂದ ಬಂತು? ಕೇಳಿಯೇಬಿಟ್ಟೆ.

ಅತ್ತೆ ಜಗಲಿಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಮಾವ ಪೇಪರು ಮಡಚಿ, ಕಾಫಿಯ ಲೋಟ ಹಿಡಿದು ನನಗೆ ಶಹಭಾಸ್ ಹೇಳಲು ಎದ್ದು ನಿಂತಿದ್ದರು. ಅತ್ತೆಯ ಮುಖ ಹೇಗಿತ್ತು ಎಂದರೆ, ಎಪ್ಪತ್ತು ದಾಟಿದ ಆ ಮುಖದಲ್ಲಿ ಇಪ್ಪತ್ತೆರಡರ ಒಬ್ಬ ಟೀಚರು ಒಂದು ಕ್ಷಣ ಬಂದು ಹೋದ ಹಾಗೆ. ಇದನ್ನೂ ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. "ದೋಸೆ ಹಿಟ್ಟು ಉಕ್ಕಿ ಹೋಗಿಕ್ಕು," ಎನ್ನುತ್ತ ಅವಳು ಒಳಗೆ ಹೋದಳು. ಆ ದಿನದ ಡೈರಿಯಲ್ಲಿ ಹೀಗಿದೆ: "ಇಳಿದೆ. ದೋಸೆ ಚೆನ್ನಾಗಿತ್ತು. ಏಳು ತಿಂದೆ."

ಮೂರು ವಾರವಾಯಿತು. ತಿಮ್ಮಪ್ಪಣ್ಣ ಹಳೆಯ ಇನ್ನರು ಎಳೆದು ಹಾಕಿ, ಔಟರನ್ನು ಬಿಸಿನೀರಿನಲ್ಲಿ ತೊಳೆದು, ಮಿಷನ್ ಎಣ್ಣೆ ಬಿಟ್ಟುಕೊಟ್ಟಿದ್ದಾನೆ. ಬ್ಯಾಂಕಿಗೆ ನೇರ ದಾರಿಯಲ್ಲೇ, ಸೈಕಲ್ಲಿನಲ್ಲೇ ಹೋಗುತ್ತೇನೆ. ಅತ್ತೆಗೆ ಫೋನಿನಲ್ಲಿ ಎರಡು ಸಲ ಕೇಳಿದೆ. ಒಂದು ಸಲ ಲೈನು ಸರಿಯಿಲ್ಲ ಎಂದಳು, ಇನ್ನೊಂದು ಸಲ ನನ್ನ ಹಿಮ್ಮಡಿಯ ಯೋಗಕ್ಷೇಮ ವಿಚಾರಿಸಿದಳು. ಕೊನೆಗೆ ವಾಟ್ಸಾಪಿನಲ್ಲಿ ಬರೆದು ಕೇಳಿದೆ. ಓದಿದ್ದಾಳೆ, ಎರಡೂ ನೀಲಿ ಗೆರೆ ಬಿದ್ದಿವೆ. ಮರುದಿನ ಬೆಳಗ್ಗೆ ಅವಳಿಂದ ಬಂದದ್ದು ಗುಲಾಬಿ ಹೂವಿನ ಒಂದು ಶುಭೋದಯ. ಇವತ್ತು ಮತ್ತೆ ಕಳಿಸಿದ್ದೇನೆ: "ಅತ್ತೆ, ಆ ಸೈಕಲ್ಲು ಯಾರದ್ದು?"